ಚಾಕೊಲೇಟ್ ಸಿಸ್ಟ್ ಆಪರೇಷನ್ನಿಗೆ ಮೊದಲು ಸಿಎ 125 ಪರೀಕ್ಷೆ 82 ಬಂದಿದೆ. ಇದನ್ನು ಹೇಗೆ ಓದಬೇಕು?

ತುಂಗೆಯ ದಡ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು 28. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿಲ್ಲ. ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಮುಟ್ಟಿನ ಮೊದಲ ಎರಡು ದಿನ ನನಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಅಮ್ಮ ಜೀರಿಗೆ ಕಷಾಯ ಮಾಡಿಕೊಡುತ್ತಿದ್ದರು, ಅಜ್ಜಿ ಒಂದು ಹೆರಿಗೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದರು. ಕಳೆದ ಅಡಿಕೆ ಸುಲಿತದ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದಾಗ ಎಡಗಡೆಯ ಕಿಬ್ಬೊಟ್ಟೆಯಲ್ಲಿ ಚುಚ್ಚಿದಂತಾಗಿ, ಮುಟ್ಟಿನ ದಿನವಲ್ಲದಿದ್ದರೂ ನೋವು ಸಂಜೆಯವರೆಗೆ ಬಿಡದಿದ್ದುದರಿಂದ ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಎಡ ಅಂಡಾಶಯದಲ್ಲಿ 5.2 ಸೆಂಟಿಮೀಟರಿನ ಒಂದೇ ಕೋಣೆಯ ಗಂಟಿದೆ, ಒಳಗಿನ ದ್ರವ ಮಸುಕು ಗಾಜಿನಂತೆ ಕಾಣುತ್ತದೆ, ಇದು ಎಂಡೊಮೆಟ್ರಿಯೋಸಿಸ್‌ನ ಚಾಕೊಲೇಟ್ ಸಿಸ್ಟ್ ಇರಬಹುದು ಎಂದು ಬರೆದಿದ್ದಾರೆ. ಗರ್ಭಕೋಶದ ಒಳಪದರದಂಥ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಎಂಡೊಮೆಟ್ರಿಯೋಸಿಸ್, ಅದರಿಂದ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಗಂಟು ಚಾಕೊಲೇಟ್ ಸಿಸ್ಟ್ ಎಂದು ವಿವರಿಸಿದರು. ಬಲಗಡೆ ಏನೂ ಇಲ್ಲ. ಹೊಟ್ಟೆಯಲ್ಲಿ ನೀರೂ ಇಲ್ಲ.

ಡಾಕ್ಟರು ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಆಪರೇಷನ್ ಮಾಡಿ ಗಂಟನ್ನು ತೆಗೆಯಬಹುದೆಂದು ಹೇಳಿ, ಅದಕ್ಕೆ ಮೊದಲು ಕೆಲವು ರಕ್ತಪರೀಕ್ಷೆಗಳನ್ನು ಬರೆದುಕೊಟ್ಟರು. ರಕ್ತವನ್ನು ಊರಿಗೆ ಬಂದ ಮೇಲೆ ತೀರ್ಥಹಳ್ಳಿಯಲ್ಲಿ ಕೊಟ್ಟೆ. ಅಂದು ಮುಟ್ಟಿನ ಎರಡನೆಯ ದಿನವಾಗಿತ್ತು, ಅದನ್ನು ಯಾರೂ ಕೇಳಲಿಲ್ಲ, ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಸಿಎ 125 ಎಂಬುದರ ಮುಂದೆ 82.4 ಎಂದು ದಪ್ಪ ಅಕ್ಷರದಲ್ಲಿದೆ, ಪಕ್ಕದಲ್ಲಿ ಹೆಚ್ಚು ಎಂಬ ಗುರುತು, 35ರ ಒಳಗಿರಬೇಕು ಎಂಬ ಟಿಪ್ಪಣಿ. ಅದನ್ನು ನೋಡಿದ ನಮ್ಮ ಭಾವನವರು ಇದು ಕ್ಯಾನ್ಸರ್ ಪತ್ತೆಹಚ್ಚುವ ಪರೀಕ್ಷೆ ಎಂದುಬಿಟ್ಟರು. ಅಂದಿನಿಂದ ಅತ್ತೆಯವರು ಊಟ ಸರಿಯಾಗಿ ಮಾಡುತ್ತಿಲ್ಲ. ಡಾಕ್ಟರನ್ನು ಮತ್ತೆ ಕಾಣಲು ಇನ್ನೂ ಹನ್ನೆರಡು ದಿನವಿದೆ.

ತಿಳಿದವರು ದಯವಿಟ್ಟು ಹೇಳಬೇಕು. 82 ಎಂದರೆ ಏನರ್ಥ? ಆಪರೇಷನ್ನಿಗೆ ಮೊದಲು ಬೇರೆ ಯಾವ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು? ಆಪರೇಷನ್ ಆದ ಮೇಲೆ ಇದೇ ಪರೀಕ್ಷೆಯಿಂದ ಕಾಯಿಲೆ ಹೋಯಿತೋ ಇಲ್ಲವೋ ತಿಳಿಯುತ್ತದೆಯೇ?

ಲ್ಯಾಬಿನ ಕಿಟಕಿ ಉತ್ತರಿಸಿದ್ದಾರೆ:

ತಂಗೀ, ನಾನು ಶಿವಮೊಗ್ಗದಲ್ಲಿ ಹದಿನೈದು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಡಾಕ್ಟರಲ್ಲ. ಆದ್ದರಿಂದ ಆ ಸಂಖ್ಯೆ ಎಲ್ಲಿಂದ ಬರುತ್ತದೆ, ಏಕೆ ಏರುಪೇರಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ; ಚಿಕಿತ್ಸೆಯ ಮಾತನ್ನು ವೈದ್ಯರು ಹೇಳಲಿ.

ಸಿಎ 125 ಎಂಬುದು ಒಂದು ದೊಡ್ಡ ಪ್ರೋಟೀನ್. ಹೊಟ್ಟೆಯ ಒಳಪೊರೆ, ಗರ್ಭಕೋಶದ ಒಳಪದರ, ಗರ್ಭನಾಳ, ಶ್ವಾಸಕೋಶದ ಹೊರಪೊರೆ ಇವೆಲ್ಲವೂ ಅದನ್ನು ತಯಾರಿಸುತ್ತವೆ. ಅಮೆರಿಕದ ರಾಬರ್ಟ್ ಬ್ಯಾಸ್ಟ್ ಮತ್ತು ಅವರ ಸಂಗಡಿಗರು 1981ರಲ್ಲಿ ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ಒಂದು ಪ್ರತಿಕಾಯವನ್ನು ಕಂಡುಹಿಡಿದದ್ದರಿಂದ ಈ ಪರೀಕ್ಷೆ ಹುಟ್ಟಿತು. 1983ರಲ್ಲಿ ಅವರು 888 ಆರೋಗ್ಯವಂತರ ರಕ್ತ ನೋಡಿದಾಗ ನೂರಕ್ಕೆ ಒಬ್ಬರಲ್ಲಿ ಮಾತ್ರ ಅದು 35ಕ್ಕಿಂತ ಹೆಚ್ಚಿತ್ತು. ನಿಮ್ಮ ವರದಿಯ ಅಂಚಿನಲ್ಲಿರುವ 35 ಅಲ್ಲಿಂದ ಬಂದದ್ದು. ಅಂದರೆ ಆ ಗೆರೆಯನ್ನು ಎಳೆದದ್ದು ಕ್ಯಾನ್ಸರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರತು ಎಂಡೊಮೆಟ್ರಿಯೋಸಿಸ್‌ಗಾಗಿ ಅಲ್ಲ. ನಿಮ್ಮ ಭಾವನವರು ಪರೀಕ್ಷೆಯ ಚರಿತ್ರೆಯನ್ನು ಸರಿಯಾಗಿಯೇ ಹೇಳಿದ್ದಾರೆ, ನಿಮ್ಮ ಕಾಯಿಲೆಯನ್ನು ಹೇಳಿಲ್ಲ.

ಇನ್ನು ಏರುಪೇರಿನ ವಿಷಯ. ಒಳಪೊರೆಯನ್ನು ಏನೇ ಕೆರಳಿಸಿದರೂ ಈ ಪ್ರೋಟೀನ್ ರಕ್ತಕ್ಕೆ ಹೆಚ್ಚು ಬರುತ್ತದೆ. ಮುಟ್ಟು, ಬಸಿರಿನ ಮೊದಲ ತಿಂಗಳುಗಳು, ಗರ್ಭಕೋಶದ ಗಡ್ಡೆ, ಕಿಬ್ಬೊಟ್ಟೆಯ ಸೋಂಕು, ಯಕೃತ್ತಿನ ಕಾಯಿಲೆ, ಯಾವುದೇ ಕಾರಣದಿಂದ ಹೊಟ್ಟೆಯಲ್ಲಿ ನೀರು ತುಂಬುವುದು, ಎಲ್ಲದರಲ್ಲೂ ಏರುತ್ತದೆ. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯವನ್ನು ಮರೆಯುವಂತಿಲ್ಲ. ಕ್ಷಯದಿಂದ ನೀರು ತುಂಬಿದ ಹೆಂಗಸರಲ್ಲಿ ಇದು ನೂರಾರು ಬಂದು, ಕ್ಯಾನ್ಸರೆಂದು ಹೆದರಿ, ಕೊನೆಗೆ ಕ್ಷಯದ ಮಾತ್ರೆಯಿಂದಲೇ ಗುಣವಾದವರಿದ್ದಾರೆ. ನೀವು ರಕ್ತ ಕೊಟ್ಟದ್ದು ಮುಟ್ಟಿನ ಎರಡನೆಯ ದಿನ ಎಂದ ಮೇಲೆ 82ರಲ್ಲಿ ಮುಟ್ಟಿನ ಪಾಲೆಷ್ಟು, ಗಂಟಿನ ಪಾಲೆಷ್ಟು ಎಂದು ಆ ಕಾಗದ ನೋಡಿ ಯಾರೂ ಬೇರ್ಪಡಿಸಲಾರರು. ಡಾಕ್ಟರು ಒಪ್ಪಿದರೆ ಮುಟ್ಟು ಪೂರ್ತಿ ನಿಂತು ಐದಾರು ದಿನವಾದ ಮೇಲೆ ಮತ್ತೊಮ್ಮೆ ಕೊಡಿ. ಖಾಲಿ ಹೊಟ್ಟೆ ಬೇಕಿಲ್ಲ.

ಮತ್ತೆ ಎರಡು ಮಾತುಗಳನ್ನು ನಮ್ಮ ಕೌಂಟರಿನಲ್ಲಿ ಹೇಳಲು ಪುರುಸೊತ್ತು ಸಿಗುವುದಿಲ್ಲ, ಇಲ್ಲಿ ಹೇಳುತ್ತೇನೆ. ಒಂದು, ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ರಕ್ತಕ್ಕೆ ಒಂದೇ ಸಂಖ್ಯೆ ಕೊಡುವುದಿಲ್ಲ. ತೀರ್ಥಹಳ್ಳಿಯಲ್ಲಿ ತೆಗೆದ ರಕ್ತ ಐಸ್ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗುತ್ತದೆ, ಆದ್ದರಿಂದ ರಕ್ತ ಕೊಟ್ಟ ಊರಿಗಿಂತ ಪರೀಕ್ಷಿಸಿದ ಲ್ಯಾಬ್ ಮುಖ್ಯ. ವರದಿಯ ಅಡಿಯಲ್ಲಿ ಯಾವ ವಿಧಾನವೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮುಂದೆ ಹೋಲಿಸಿ ನೋಡುವ ಉದ್ದೇಶವಿದ್ದರೆ ಪ್ರತಿ ಸಲವೂ ಅದೇ ಲ್ಯಾಬು, ಅದೇ ವಿಧಾನ ಇರಲಿ. ಎರಡು, ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದೀರಾ? ಕೆಲವು ಯಂತ್ರಗಳ ಪರೀಕ್ಷೆ ಬಯೋಟಿನ್ ಕೊಂಡಿಯ ಮೇಲೆಯೇ ನಿಂತಿರುವುದರಿಂದ, ರಕ್ತದಲ್ಲಿ ಅದು ಹೆಚ್ಚಿದ್ದರೆ ಸಿಎ 125 ಇರುವುದಕ್ಕಿಂತ ಕಡಿಮೆ ಕಾಣಬಹುದು. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಆ ಮಾತ್ರೆಯನ್ನು ನಿಲ್ಲಿಸಿ, ಲ್ಯಾಬಿನವರಿಗೂ ತಿಳಿಸಿ.

ಸಾಗರದ ಅಕ್ಕ ಉತ್ತರಿಸಿದ್ದಾರೆ:

ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಅನುಭವದಿಂದಲೇ ಉತ್ತರ ಕೊಡಬಲ್ಲೆ, ಮತ್ತು ಆ ಉತ್ತರ ಸ್ವಲ್ಪ ಕಹಿಯಾಗಿದೆ.

ನನಗೆ ಆರು ವರ್ಷದ ಹಿಂದೆ ಎರಡೂ ಕಡೆ ಚಾಕೊಲೇಟ್ ಸಿಸ್ಟ್ ಇತ್ತು. ಆಪರೇಷನ್ನಿಗೆ ಮೊದಲು ಸಿಎ 125 ನನ್ನದು 140. ಗಂಟು ತೆಗೆದು, ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿ, ಎಂಡೊಮೆಟ್ರಿಯೋಸಿಸ್ ಎಂದು ಖಚಿತವಾಯಿತು. ಮೂರು ತಿಂಗಳಾದ ಮೇಲೆ ನೋಡಿದರೆ 19. ಆ ಕಾಗದವನ್ನು ನಾನು ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೆ ಎಂದರೆ ನೀವು ನಗಬಾರದು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದೆ, ಪ್ರತಿ ಸಲವೂ ಇಪ್ಪತ್ತರ ಆಸುಪಾಸು ಬರುತ್ತಿತ್ತು. ಎರಡು ವರ್ಷ ಮಾತ್ರೆ ತೆಗೆದುಕೊಂಡು, ಆಮೇಲೆ ಚೆನ್ನಾಗಿದ್ದೇನಲ್ಲ ಎಂದು ನಿಲ್ಲಿಸಿದೆ.

ನಾಲ್ಕನೆಯ ವರ್ಷ ನೋವು ಮರಳಿತು. ಮೊದಲಿನ ನೋವಿನಂತೆ ಮುಟ್ಟಿನ ದಿನಕ್ಕೆ ಸೀಮಿತವಾದದ್ದಲ್ಲ. ಶೌಚಕ್ಕೆ ಕುಳಿತಾಗ, ಬಸ್ಸು ಗುಂಡಿಗೆ ಇಳಿದಾಗ, ರಾತ್ರಿ ಮಗ್ಗುಲು ಬದಲಿಸಿದಾಗ. ಆಗ ತೋರಿಸಿದ ಕಡೆ ರಕ್ತಪರೀಕ್ಷೆ ಮಾಡಿಸಿದರು, 22 ಬಂತು. ನಾರ್ಮಲ್ ಇದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿ ಕಳಿಸಿದರು. ಮನೆಯಲ್ಲೂ ಅದೇ ಮಾತಾಯಿತು. ರಿಪೋರ್ಟೇ ಸರಿಯಿದೆಯಲ್ಲ, ಇನ್ನೆಂಥಾ ನೋವು ಎಂದು ಯಜಮಾನರು ಒಂದು ಸಲ ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಹೀಗೆ ಏಳು ತಿಂಗಳು ಕಳೆಯಿತು. ಕೊನೆಗೆ ಬೇರೆ ಡಾಕ್ಟರು ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿದಾಗ ಬಲ ಅಂಡಾಶಯದಲ್ಲಿ ಮೂರು ಸೆಂಟಿಮೀಟರಿನ ಗಂಟು ಇತ್ತು, ಗರ್ಭಕೋಶದ ಹಿಂಬದಿ ಕರುಳಿಗೆ ಅಂಟಿಕೊಂಡಿತ್ತು. ರಕ್ತದಲ್ಲಿ 22, ಹೊಟ್ಟೆಯಲ್ಲಿ ಇಷ್ಟೆಲ್ಲ.

ಆದ್ದರಿಂದ ನಾನು ಈಗ ಲೆಕ್ಕ ಇಡುವ ರೀತಿಯೇ ಬೇರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನದ ಚೌಕದೊಳಗೆ ಪೆನ್ಸಿಲಿನಿಂದ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯುತ್ತೇನೆ. ನೋವಿನ ಮಾತ್ರೆ ನುಂಗಿದರೆ ಒಂದು ಚುಕ್ಕೆ, ಕೆಲಸ ಬಿಟ್ಟು ಮಲಗಿದರೆ ಒಂದು ಗೆರೆ. ಆ ಹಾಳೆಗಳನ್ನು ಹರಿದುಕೊಂಡು ಡಾಕ್ಟರ ಮುಂದೆ ಇಟ್ಟರೆ ಅವರು ರಕ್ತದ ವರದಿಗಿಂತ ಹೆಚ್ಚು ಹೊತ್ತು ಅದನ್ನು ನೋಡುತ್ತಾರೆ. ನೀವೂ ಆಪರೇಷನ್ನಿಗೆ ಮೊದಲೇ ಶುರುಮಾಡಿ. ಆಮೇಲೆ ಹೋಲಿಸಲು ಒಂದು ಮೊದಲು ಬೇಕಲ್ಲ.

ಕೊಪ್ಪದ ತೋಟ ಉತ್ತರಿಸಿದ್ದಾರೆ:

ಸಾಗರದ ಅಕ್ಕನವರ ಮಾತನ್ನು ಅಲ್ಲಗಳೆಯುತ್ತಿಲ್ಲ, ಆದರೆ ಪರೀಕ್ಷೆಯನ್ನು ಪೂರ್ತಿ ಪಕ್ಕಕ್ಕಿಡುವುದೂ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ನನ್ನ ಹೆಂಡತಿಗೆ ಆಪರೇಷನ್ನಿಗೆ ಮೊದಲು 210 ಇದ್ದದ್ದು ಆಮೇಲೆ 28ಕ್ಕೆ ಇಳಿಯಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಮೂರು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವಾಗ ಅದನ್ನೂ ಮಾಡಿಸಿಕೊಂಡು ಬರುತ್ತೇವೆ, ಕಡಿಮೆ ಇದೆ ಎಂದು ತಿಳಿದರೆ ಅವಳಿಗೆ ಮುಂದಿನ ಮೂರು ತಿಂಗಳು ಧೈರ್ಯ. ಮೊದಲೇ ತುಂಬಾ ಏರಿದ್ದವರಲ್ಲಿ ಇಳಿದದ್ದು ಮತ್ತೆ ಏರಿದರೆ ಅದು ಸೂಚನೆ ತಾನೇ? ಡಾಕ್ಟರುಗಳು ಯಾರಾದರೂ ಇದ್ದರೆ ಹೇಳಿ.

ಭದ್ರಾವತಿ ಸ್ತ್ರೀರೋಗ ಉತ್ತರಿಸಿದ್ದಾರೆ:

ನಾನು ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ನಿಮ್ಮನ್ನು ಪರೀಕ್ಷಿಸದೆ ನಿಮ್ಮ ಚಿಕಿತ್ಸೆಯನ್ನು ಇಲ್ಲಿ ತೀರ್ಮಾನಿಸಲಾರೆ. ವಿಷಯವನ್ನು ಬಿಡಿಸಿ ಹೇಳಬಲ್ಲೆ.

ಮೊದಲು ಭಯದ ಮಾತು ಮುಗಿಸೋಣ. ಗಂಟಿನ ಬಗ್ಗೆ ಸಂಶಯವಿದ್ದಾಗ ನಾವು ಸಿಎ 125ನ್ನು ಒಂಟಿಯಾಗಿ ಓದುವುದಿಲ್ಲ. 1990ರಿಂದ ಬಳಕೆಯಲ್ಲಿರುವ ಒಂದು ಗುಣಾಕಾರವಿದೆ. ಸ್ಕ್ಯಾನಿನಲ್ಲಿ ಹಲವು ಕೋಣೆಗಳು, ಗಟ್ಟಿ ಭಾಗ, ಎರಡೂ ಕಡೆ ಗಂಟು, ಹೊಟ್ಟೆಯಲ್ಲಿ ನೀರು, ಬೇರೆಡೆಗೆ ಹರಡಿದ ಗುರುತು ಈ ಐದರಲ್ಲಿ ಒಂದೂ ಇಲ್ಲದಿದ್ದರೆ ಸೊನ್ನೆ, ಒಂದಿದ್ದರೆ 1, ಎರಡು ಅಥವಾ ಹೆಚ್ಚು ಇದ್ದರೆ 3. ಮುಟ್ಟು ಇನ್ನೂ ಬರುತ್ತಿದ್ದರೆ 1, ನಿಂತಿದ್ದರೆ 3. ಈ ಎರಡನ್ನೂ ಸಿಎ 125ರ ಸಂಖ್ಯೆಯಿಂದ ಗುಣಿಸಬೇಕು. ಉತ್ತರ 200 ದಾಟಿದರೆ ಎಚ್ಚರ. ನೀವು ಬರೆದ ವರದಿಯ ಪ್ರಕಾರ ಒಂದೇ ಕೋಣೆ, ಒಂದೇ ಕಡೆ, ನೀರಿಲ್ಲ. ಗಟ್ಟಿ ಭಾಗವೂ ಹರಡಿದ ಗುರುತೂ ಇಲ್ಲವೆಂದಾದರೆ 82ನ್ನು ಸೊನ್ನೆಯಿಂದ ಗುಣಿಸಿದಂತಾಯಿತು. ಅದೇ 82, ಮುಟ್ಟು ನಿಂತ ಅರವತ್ತರ ಅಜ್ಜಿಯೊಬ್ಬರಲ್ಲಿ ಎರಡು ಸ್ಕ್ಯಾನ್ ಗುರುತುಗಳ ಜೊತೆ ಬಂದಿದ್ದರೆ ಲೆಕ್ಕ 738 ಆಗುತ್ತಿತ್ತು, ನಾನು ಆ ದಿನವೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದೆ. ಈ ಲೆಕ್ಕವನ್ನು ನಿಮ್ಮ ಅತ್ತೆಯವರಿಗೆ ಕಾಗದದ ಮೇಲೆ ಬರೆದು ತೋರಿಸಿ. ಇನ್ನೂ ಸಂಶಯ ಉಳಿದರೆ ಎಚ್‌ಇ4 ಎಂಬ ಇನ್ನೊಂದು ಪರೀಕ್ಷೆಯಿದೆ. ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ, ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಸಾಧ್ಯತೆ ಹೆಚ್ಚು, ಆದ್ದರಿಂದ ಎರಡನ್ನೂ ಬೇರ್ಪಡಿಸಲು ನೆರವಾಗುತ್ತದೆ. ಎಲ್ಲರಿಗೂ ಅದು ಬೇಕಿಲ್ಲ.

ಎಂಡೊಮೆಟ್ರಿಯೋಸಿಸ್ ಇದೆಯೇ ಇಲ್ಲವೇ ಎಂದು ಹೇಳುವ ರಕ್ತಪರೀಕ್ಷೆ ನಮ್ಮ ಕೈಯಲ್ಲಿ ಇಂದಿಗೂ ಇಲ್ಲ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ನೋವು ಮೊದಲಾದ ಲಕ್ಷಣಗಳಿರುವವರಲ್ಲಿ ಸಿಎ 125ಕ್ಕೆ 30ರ ಗೆರೆ ಹಾಕಿದರೆ, ಕಾಯಿಲೆಯಿದ್ದ ನೂರು ಮಂದಿಯಲ್ಲಿ 52 ಮಂದಿ ಮಾತ್ರ ಸಿಕ್ಕಿಬೀಳುತ್ತಾರೆ, ಕಾಯಿಲೆಯಿಲ್ಲದವರಲ್ಲಿ 93 ಮಂದಿ ಗೆರೆಯ ಕೆಳಗೇ ಇರುತ್ತಾರೆ ಎಂದು ತಿಳಿಯಿತು. ಏರಿದ್ದರೆ ಸಂಶಯಕ್ಕೆ ಬಲ ಬರುತ್ತದೆ, ಏರದಿದ್ದರೆ ಏನೂ ಹೇಳಿದಂತಾಗುವುದಿಲ್ಲ. ಸಾಗರದ ಅಕ್ಕನವರಿಗೆ ಆದದ್ದು ಈ ಎರಡನೆಯದು. ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಘದ 2022ರ ಮಾರ್ಗಸೂಚಿಯಂತೂ ಕಾಯಿಲೆಯನ್ನು ಗುರುತಿಸಲು ರಕ್ತದ ಸೂಚಕಗಳನ್ನು ಬಳಸಬೇಡಿ ಎಂದು ನೇರವಾಗಿಯೇ ಹೇಳಿದೆ. ಫ್ರಾನ್ಸಿನಲ್ಲಿ ಎಂಜಲಿನಲ್ಲಿರುವ 109 ಸೂಕ್ಷ್ಮ ಆರ್‌ಎನ್‌ಎಗಳನ್ನು ಓದುವ ಪರೀಕ್ಷೆಯೊಂದು 2022ರಲ್ಲಿ ಸುದ್ದಿಯಾಯಿತು, ಆದರೆ ಅದನ್ನು ಹಿಡಿದುಕೊಂಡು ತೀರ್ಥಹಳ್ಳಿಯ ರೋಗಿಗೆ ಚಿಕಿತ್ಸೆ ಬರೆಯುವ ಕಾಲ ಬಂದಿಲ್ಲ. ಚೆನ್ನಾಗಿ ಮಾಡಿದ ಸ್ಕ್ಯಾನ್, ಅಗತ್ಯವಿದ್ದರೆ ಎಂಆರ್‌ಐ, ಮತ್ತು ರೋಗಿಯ ಮಾತು, ಇವೇ ನಮಗೆ ದಾರಿ.

ಕೊಪ್ಪದವರ ಪ್ರಶ್ನೆ ನ್ಯಾಯವಾದದ್ದು. ಮೊದಲು ತುಂಬಾ ಏರಿದ್ದು, ಆಪರೇಷನ್ನಿನ ನಂತರ ಇಳಿದು, ಮತ್ತೆ ಏರುತ್ತಾ ಹೋದರೆ ಅದು ಸ್ಕ್ಯಾನ್ ಮಾಡಿಸಲು ಕಾರಣವಾಗುತ್ತದೆ, ಒಪ್ಪುತ್ತೇನೆ. ಆದರೆ ಸರ್, ನಿಮ್ಮ ಮನೆಯವರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದಿರಿ. ಎಂಡೊಮೆಟ್ರಿಯೋಸಿಸ್‌ಗೆ ಕೊಡುವ ಡೈನೊಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಇರಲಿ, ಗರ್ಭನಿರೋಧಕ ಮಾತ್ರೆ ಇರಲಿ, ಮುಟ್ಟನ್ನೂ ಕಾಯಿಲೆಯನ್ನೂ ತಗ್ಗಿಸುವ ಹಾರ್ಮೋನು ಸಿಎ 125ನ್ನೂ ತಗ್ಗಿಸುತ್ತದೆ. ಹಾಗಾದರೆ 28 ಎಂಬುದು ಕತ್ತರಿಯ ಕೆಲಸವೋ ಮಾತ್ರೆಯ ಕೆಲಸವೋ? ಎರಡರದ್ದೂ ಇರಬಹುದು. ಮಾತ್ರೆ ನಿಲ್ಲಿಸಿದ ಮೇಲೆ ಬರುವ ಸಂಖ್ಯೆಯನ್ನು ಮಾತ್ರೆಯ ಕಾಲದ ಸಂಖ್ಯೆಯೊಂದಿಗೆ ಹೋಲಿಸಿ ಕಾಯಿಲೆ ಮರಳಿತೆಂದು ಗಾಬರಿಯಾಗುವವರನ್ನು ಕಂಡಿದ್ದೇನೆ. ಇದಲ್ಲದೆ, ಆಪರೇಷನ್ನೇ ಒಳಪೊರೆಯನ್ನು ಕೆರಳಿಸುವುದರಿಂದ ಮೊದಲ ಕೆಲವು ವಾರ ಈ ಪ್ರೋಟೀನ್ ಏರಿಯೇ ಇರಬಹುದು. ನೋಡಲೇಬೇಕೆಂದಿದ್ದರೆ ಮೂರು ತಿಂಗಳ ಹೊತ್ತಿಗೆ, ಮುಟ್ಟು ಬರುತ್ತಿರುವವರಾದರೆ ಅದು ಮುಗಿದ ಮೇಲೆ, ಅದೇ ಲ್ಯಾಬಿನಲ್ಲಿ ನೋಡಿ. ನಾಲ್ಕನೆಯ ದಿನವೇ ಮಾಡಿಸಿಕೊಂಡು ಬಂದು ಕಡಿಮೆಯಾಗಿಲ್ಲ ಎಂದು ಅತ್ತವರುಂಟು. ಆ ಮೊದಲ ವಾರದಲ್ಲಿ ಆಸ್ಪತ್ರೆಯವರು ನೋಡುವ ರಕ್ತವೇ ಬೇರೆ: ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಉರಿಯೂತವನ್ನು ತೋರಿಸುವ ಸಿಆರ್‌ಪಿ. ಸಿಆರ್‌ಪಿ ಯಾವ ಆಪರೇಷನ್ನಿಗೂ ಎರಡು ಮೂರನೆಯ ದಿನದವರೆಗೆ ಏರಿ ಆಮೇಲೆ ಇಳಿಯಬೇಕು. ಇಳಿಯದೆ ಏರುತ್ತಲೇ ಹೋದರೆ ಸೋಂಕನ್ನು ಹುಡುಕುತ್ತೇವೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನನ್ನ ಮಟ್ಟಿಗೆ ಅದೇ ಮುಖ್ಯ. ನಿಮಗೆ ಮಕ್ಕಳು ಬೇಕಿದ್ದರೆ ಆಪರೇಷನ್ನಿಗೆ ಮೊದಲು ಎಎಂಎಚ್ ಪರೀಕ್ಷೆ ಮಾಡಿಸಿ ಎಂದು ಡಾಕ್ಟರನ್ನು ಕೇಳಿ. ಅಂಡಾಶಯದಲ್ಲಿ ಬೆಳೆಯಲು ಹೊರಟಿರುವ, ಅಂಡವನ್ನು ಹೊತ್ತ ಪುಟ್ಟ ಚೀಲಗಳು ಆ ಹಾರ್ಮೋನನ್ನು ಕೊಡುತ್ತವೆ, ಅದರಿಂದ ಉಳಿದಿರುವ ಅಂಡಗಳ ಅಂದಾಜು ಸಿಗುತ್ತದೆ. ಚಾಕೊಲೇಟ್ ಸಿಸ್ಟಿನ ಗೋಡೆ ಅಂಡಾಶಯಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಅದನ್ನು ಸುಲಿದು ತೆಗೆಯುವಾಗ, ಹಸಿ ಅಡಿಕೆಯ ಸಿಪ್ಪೆಯ ಜೊತೆ ಒಳಗಿನ ತಿರುಳಿನ ಚೂರೂ ಹೋಗುವಂತೆ, ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ. ರಕ್ತ ನಿಲ್ಲಿಸಲು ಸುಡುವ ಬಿಸಿಯೂ ಸ್ವಲ್ಪ ಹಾನಿ ಮಾಡುತ್ತದೆ. 2012ರ ಒಂದು ಒಟ್ಟು ವಿಶ್ಲೇಷಣೆಯಲ್ಲಿ ಆಪರೇಷನ್ನಿನ ನಂತರ ಎಎಂಎಚ್ ಸರಾಸರಿ ಶೇಕಡಾ 38ರಷ್ಟು ಕುಸಿದಿತ್ತು. ಎರಡೂ ಕಡೆ ಗಂಟಿದ್ದವರಲ್ಲಿ ಕುಸಿತ ಹೆಚ್ಚು. ಕೆಲವರಲ್ಲಿ ತಿಂಗಳುಗಳು ಕಳೆದಂತೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಮೊದಲೇ ಎಎಂಎಚ್ ಕಡಿಮೆಯಿದ್ದರೆ ಆಪರೇಷನ್ ಈಗಲೇ ಬೇಕೇ, ಮೊದಲು ಮಕ್ಕಳ ಚಿಕಿತ್ಸೆಯೇ ಎಂಬ ಮಾತುಕತೆ ಬೇರೆ ದಾರಿ ಹಿಡಿಯುತ್ತದೆ. ಆಪರೇಷನ್ ಆದ ಮೇಲೆ ನೋಡಿಕೊಂಡರೆ ಆ ಮಾತುಕತೆಗೆ ಅವಕಾಶವೇ ಇರುವುದಿಲ್ಲ. ಇದನ್ನು ತಿಂಗಳ ಯಾವ ದಿನವಾದರೂ ಕೊಡಬಹುದು, ಆದರೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಸ್ವಲ್ಪ ಕಡಿಮೆ ತೋರಿಸುತ್ತದೆ. ಎಎಂಎಚ್ ಕಡಿಮೆ ಎಂದರೆ ಸಹಜವಾಗಿ ಬಸಿರಾಗುವುದಿಲ್ಲ ಎಂದಲ್ಲ. ಅದನ್ನು ಹಾಗೆ ಓದುವ ನೆಂಟರಿಗೆ ವರದಿಯನ್ನು ತೋರಿಸಬೇಡಿ.

ಒಂದು ಪ್ರಶ್ನೆ ನನ್ನದು. ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ?

ತುಂಗೆಯ ದಡ:

ಮೇಡಂ, ವರದಿಯನ್ನು ಮತ್ತೆ ತೆಗೆದು ನೋಡಿದೆ. ಹಿಮೋಗ್ಲೋಬಿನ್ 9.8 ಎಂದಿದೆ. ಅದೂ ದಪ್ಪ ಅಕ್ಷರದಲ್ಲೇ ಇದೆ, ಕಡಿಮೆ ಎಂಬ ಗುರುತೂ ಇದೆ, ಅದೂ ಮೊದಲ ಪುಟದಲ್ಲಿ. ನಾವೆಲ್ಲರೂ ನೇರವಾಗಿ ಮೂರನೆಯ ಪುಟದ 82ನ್ನು ನೋಡಿಕೊಂಡು ಕುಳಿತಿದ್ದೆವು. ಮುಟ್ಟಿನಲ್ಲಿ ನನಗೆ ರಕ್ತಸ್ರಾವವೂ ಹೆಚ್ಚೇ. ಏರು ಹತ್ತಿದರೆ ಏದುಸಿರು ಬರುತ್ತದೆ, ಅದು ಮಲೆನಾಡಿನವರಿಗೆಲ್ಲ ಇರುವಂಥದ್ದು ಎಂದುಕೊಂಡಿದ್ದೆ.

ಗುಣಾಕಾರವನ್ನು ಅತ್ತೆಯವರಿಗೆ ತೋರಿಸಿದೆ. ಸೊನ್ನೆ ಎಂದರೆ ಸೊನ್ನೆಯೇ ತಾನೇ ಎಂದು ಎರಡು ಸಲ ಕೇಳಿದರು. ಲ್ಯಾಬಿನ ಅಣ್ಣನವರೇ, ಕೂದಲಿನ ಮಾತ್ರೆಯ ಡಬ್ಬಿ ತೆಗೆದು ನೋಡಿದರೆ ಅದರಲ್ಲಿ ಬಯೋಟಿನ್ ಇದೆ! ಇವತ್ತಿನಿಂದಲೇ ನಿಲ್ಲಿಸಿದ್ದೇನೆ.

ಭದ್ರಾವತಿ ಸ್ತ್ರೀರೋಗ:

9.8 ಎಂಬುದು ಆಪರೇಷನ್ನಿಗೆ ಮೊದಲು ಸರಿಮಾಡಲೇಬೇಕಾದ ಸಂಖ್ಯೆ, ಮತ್ತು ನಾವು ಸರಿಮಾಡಬಲ್ಲ ಸಂಖ್ಯೆಯೂ ಹೌದು. ಹೆಂಗಸರಿಗೆ ಕನಿಷ್ಠ 12 ಇರಬೇಕು. ಇದು ತುರ್ತು ಆಪರೇಷನ್ ಅಲ್ಲವಾದ್ದರಿಂದ ಕೆಲವು ವಾರ ಮುಂದೆ ಹಾಕಿ ಕಬ್ಬಿಣದ ಅಂಶ ತುಂಬಿಕೊಳ್ಳಲು ಸಮಯವಿದೆ. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಬೇಕೇ, ಮಾತ್ರೆ ಸಾಕೇ ಅಥವಾ ಡ್ರಿಪ್ ಮೂಲಕ ಕೊಡಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಹನ್ನೆರಡು ದಿನ ಕಾಯದೆ ಫೋನಿನಲ್ಲೇ ಕೇಳಿದರೂ ತಪ್ಪಿಲ್ಲ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆಗೆ ನುಂಗಬೇಡಿ, ಕಾಫಿಗೂ ಮಾತ್ರೆಗೂ ಕನಿಷ್ಠ ಒಂದೆರಡು ಗಂಟೆ ಅಂತರವಿರಲಿ. ನಮ್ಮ ಕಡೆಯ ಮನೆಗಳಲ್ಲಿ ಈ ಮಾತು ಹೇಳುವುದು ಸುಲಭ, ನಡೆಸುವುದು ಕಷ್ಟ ಎಂದು ನನಗೂ ಗೊತ್ತು. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ.

ಲ್ಯಾಬಿನ ಕಿಟಕಿ:

ತಂಗೀ, ಬಯೋಟಿನ್ ಇದ್ದಾಗ ಕೊಟ್ಟ ರಕ್ತವೆಂದು ತಿಳಿದ ಮೇಲೆ 82ಕ್ಕೆ ಇನ್ನೂ ಅರ್ಥ ಕಡಿಮೆಯಾಯಿತು. ಮುಟ್ಟು ಅದನ್ನು ಮೇಲಕ್ಕೆ ಎಳೆದಿರಬಹುದು, ಮಾತ್ರೆ ಕೆಳಕ್ಕೆ ಎಳೆದಿರಬಹುದು. ಎಎಂಎಚ್‌ಗೂ ಇದೇ ತೊಂದರೆ ಉಂಟು, ಇಲ್ಲದ ಕೊರತೆಯನ್ನು ತೋರಿಸಿಬಿಡಬಹುದು. ಎರಡನ್ನೂ ಒಂದೇ ದಿನ, ಒಂದೇ ಲ್ಯಾಬಿನಲ್ಲಿ ಕೊಡಿ. ಮುಟ್ಟಿನ ಎಷ್ಟನೆಯ ದಿನ, ಯಾವ ಮಾತ್ರೆಗಳು ಎಂದು ಚೀಟಿಯ ಮೇಲೆ ನೀವೇ ಬರೆಸಿ.

ತುಂಗೆಯ ದಡ, ಐದು ವಾರಗಳ ನಂತರ:

ಉತ್ತರಿಸಿದ ಎಲ್ಲರಿಗೂ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಮುಟ್ಟಾದ ಹನ್ನೆರಡನೆಯ ದಿನ ರಕ್ತ ಕೊಟ್ಟೆ. ಸಿಎ 125 ಈ ಸಲ 51, ಎಎಂಎಚ್ 2.3. ನನ್ನ ವಯಸ್ಸಿಗೆ ಎಎಂಎಚ್ ಸ್ವಲ್ಪ ಕಡಿಮೆಯೇ ಆದರೂ ಚಿಂತಿಸುವಷ್ಟಲ್ಲ ಎಂದು ಡಾಕ್ಟರು ಹೇಳಿದರು. 51ರ ಬಗ್ಗೆ ಒಂದೇ ಮಾತು ಆಡಿ ಪುಟ ಮಗುಚಿದರು. ಸಾಗರದ ಅಕ್ಕ ಹೇಳಿದಂತೆ ನಾನು ಒಯ್ದಿದ್ದ ಕ್ಯಾಲೆಂಡರಿನ ಹಾಳೆಯನ್ನು ಮಾತ್ರ ತಮ್ಮ ಮೇಜಿನ ಮೇಲೆ ಇಟ್ಟುಕೊಂಡು, ಮಲಗಿದ ದಿನಗಳ ಗೆರೆಗಳನ್ನು ಪೆನ್ನಿನ ತುದಿಯಿಂದ ಎಣಿಸಿದರು. ಹನ್ನೊಂದು ಇದ್ದವು.

ಹಿಮೋಗ್ಲೋಬಿನ್ 11.1ಕ್ಕೆ ಬಂದಿದೆ. 12 ಆದ ಮೇಲೆ ಆಪರೇಷನ್ನಿಗೆ ದಿನ ಗೊತ್ತು ಮಾಡೋಣ, ಅಂಡಾಶಯವನ್ನು ಆದಷ್ಟು ಉಳಿಸಿಕೊಂಡು ಗಂಟು ತೆಗೆಯುತ್ತೇನೆ, ಆರು ತಿಂಗಳಾದ ಮೇಲೆ ಎಎಂಎಚ್ ಮತ್ತೆ ನೋಡೋಣ, ಸಿಎ 125 ನೋಡುವ ಅಗತ್ಯ ಬಂದರೆ ತಾನೇ ಹೇಳುತ್ತೇನೆ ಎಂದಿದ್ದಾರೆ. ಅಡಿಕೆ ಕೊಯ್ಲು ಶುರುವಾಗುವ ಮೊದಲೇ ಆದರೆ ಒಳ್ಳೆಯದಿತ್ತು ಎಂದು ನಾನೆಂದೆ. ಅತ್ತೆಯವರು ಪಕ್ಕದಲ್ಲೇ ಇದ್ದರು. ಈ ಸಲ ನಿನ್ನ ಮೆಟ್ಟುಗತ್ತಿಯನ್ನು ಅಟ್ಟದ ಮೇಲೆ ಹಾಕಿದ್ದೇನೆ, ಸುಲಿಯಲು ಆಳುಗಳಿಗೆ ಹೇಳಿಯಾಗಿದೆ ಎಂದರು.